ಮೊದಲು ಕಾವಿನ ಕೋಳಿ, ಆಮೇಲೆ ಮರಿಯ ಪೆಟ್ಟಿಗೆ

ಹಾಲು ಉತ್ಪಾದಕ ಸಹೋದರಿಯರೇ,

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಹಾಲಿನ ಬಿಲ್ಲಿನ ದುಡ್ಡಿನಲ್ಲಿ ಕೋಳಿಮರಿ ತರಿಸುವ ಅಕ್ಕಂದಿರು ಅನೇಕರಿದ್ದಾರೆ. ಫೋನಿನಲ್ಲಿ ಹೇಳಿದರೆ ಗಿರಿರಾಜ, ಸ್ವರ್ಣಧಾರ ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಬಂದಿಳಿಯುತ್ತವೆ. ವಾರದೊಳಗೆ ಅರ್ಧ ಸತ್ತರೆ, "ತಳೀನ ಸರಿ ಇಲ್ಲ ನೋಡ್ರಿ, ಡಾಕ್ಟ್ರೆ" ಎನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಮೊದಲ ವಾರದಲ್ಲಿ ಮರಿಗಳನ್ನು ಹೆಚ್ಚಾಗಿ ಕೊಲ್ಲುವುದು ಥಂಡಿ.

ಒಂದು ದಿನದ ಮರಿಗೆ ತನ್ನ ಮೈ ಬಿಸಿ ಕಾಯ್ದುಕೊಳ್ಳಲು ಬರುವುದಿಲ್ಲ. ಮೊದಲ ವಾರ ಅದಕ್ಕೆ 95 ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು. ಮುಂದೆ ವಾರಕ್ಕೆ 5 ಡಿಗ್ರಿಯಂತೆ ಇಳಿಸಬಹುದು. ಬಲ್ಬ್ ಹಾಕಿ ಮಲಗುತ್ತೀರಿ. ನಡುರಾತ್ರಿ ಕರೆಂಟ್ ಹೋದರೆ ಮರಿಗಳು ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಜವಾರಿ ಕೋಳಿಯ ರೆಕ್ಕೆಗೆ ಕರೆಂಟ್ ಬೇಕಿಲ್ಲ.

ಅದಕ್ಕೇ ಮರಿಗೆ ಹೇಳುವ ಮೊದಲು ನಿಮ್ಮ ಓಣಿಯಲ್ಲಿ ಎಷ್ಟು ಜವಾರಿ ಕೋಳಿ ಕಾವಿಗೆ ಕೂತಿವೆ ಎಣಿಸಿ. ಒಂದು ಕೋಳಿಗೆ 10-12 ಮರಿ. ನಾಲ್ಕು ಮನೆಯಲ್ಲಿ ನಾಲ್ಕು ಕೋಳಿ ಇದ್ದರೆ ಒಂದೇ ಪೆಟ್ಟಿಗೆ ತರಿಸಿ ಹಂಚಿಕೊಳ್ಳಿ. ಕೋಳಿ ಕಾವಿಗೆ ಕೂತು ಎರಡು ವಾರವಾದರೂ ಆಗಿರಲಿ. ಅದರ ಮೈಯಲ್ಲಿ ಹೇನು ಇರಬಾರದು, ಅದಕ್ಕೂ ಲಸಿಕೆ ಆಗಿರಬೇಕು.

ಪೆಟ್ಟಿಗೆ ಬಂದ ಕೂಡಲೇ ಕಾಳು ಹಾಕಬೇಡಿ, ಮೊದಲು ನೀರು ಕೊಡಿ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಕರಗಿಸಿ, ಪ್ರತಿ ಮರಿಯ ಕೊಕ್ಕನ್ನು ಒಂದು ಸಲ ಅದ್ದಿ. ನೀರಿನ ತಟ್ಟೆಯಲ್ಲಿ ಸಣ್ಣ ಹರಳು ಹಾಕಿದರೆ ಮರಿ ಮುಳುಗುವುದಿಲ್ಲ. ಎರಡು-ಮೂರು ತಾಸಿನ ನಂತರ ಮೆಕ್ಕೆಜೋಳದ ಸಣ್ಣ ನುಚ್ಚನ್ನು ಕಾಗದದ ಮೇಲೆ ಚೆಲ್ಲಿ, ಮರುದಿನದಿಂದ ಕೋಳಿಮರಿಯ ಆಹಾರ ಕೊಡಿ. ದನದ ಪಶು ಆಹಾರ ಬೇಡವೇ ಬೇಡ. ಅದರಲ್ಲಿ ಯೂರಿಯಾ ಇರಬಹುದು.

ಕತ್ತಲಾಗುವವರೆಗೆ ಮರಿಗಳನ್ನು ಬೆಚ್ಚಗಿಡಿ. ರಾತ್ರಿ ದೀಪ ಆರಿಸಿ, ಕೋಳಿಯ ಅಡಿಯ ತತ್ತಿ ತೆಗೆಯುತ್ತಾ ಒಂದೊಂದೇ ಮರಿಯನ್ನು ಹಿಂದಿನಿಂದ ಸರಿಸಿ. ನಸುಕಿನಲ್ಲೇ ಎದ್ದು ನೋಡಿ. ಕೋಳಿ ಮೆಲ್ಲಗೆ ಕೊಕ್ ಕೊಕ್ ಎನ್ನುತ್ತಾ ರೆಕ್ಕೆ ಅಗಲಿಸಿ ಕೂತಿದ್ದರೆ ಒಪ್ಪಿಕೊಂಡಿದೆ ಎಂದರ್ಥ. ಕುಕ್ಕುತ್ತಿದ್ದರೆ ತಡಮಾಡದೆ ಮರಿಗಳನ್ನು ಬಲ್ಬಿನ ಕೆಳಗೆ ತನ್ನಿ. ಒಂದೆರಡು ದಿನದ ಮರಿಯನ್ನು ಕೋಳಿ ಒಪ್ಪುತ್ತದೆ, ವಾರದ ಮರಿಯನ್ನು ಒಪ್ಪುವುದು ಕಷ್ಟ.

ಬಲ್ಬೇ ಬೇಡ ಎಂದು ನಾನು ಹೇಳುತ್ತಿಲ್ಲ. ನೂರು ಮರಿ ಸಾಕುವವರಿಗೆ ಅದು ಬೇಕೇ ಬೇಕು, ಜೊತೆಗೆ ಕರೆಂಟ್ ಹೋದಾಗಿನ ವ್ಯವಸ್ಥೆಯೂ ಇರಬೇಕು. ಹತ್ತಿಪ್ಪತ್ತು ಮರಿಯ ಮನೆಗೆ ಕೋಳಿಯೇ ಲೇಸು.

ಕೂಡಿ ತರಿಸುವುದರಿಂದ ಇನ್ನೊಂದು ಲಾಭವಿದೆ. 5ರಿಂದ 7ನೇ ದಿನ ಕೊಕ್ಕರೆ ರೋಗದ ಲಸೋಟಾ ಲಸಿಕೆಯನ್ನು ಕಣ್ಣಿಗೆ ಒಂದು ಹನಿ ಹಾಕಬೇಕು. ಒಂದು ಬಾಟಲಿ ಹತ್ತಾರು ಮರಿಗೆ ಸಾಲುತ್ತದೆ, ಆದರೆ ಬೆರೆಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಒಬ್ಬರ ಹತ್ತು ಮರಿಗೆ ಬಾಟಲಿ ಒಡೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಹೀಗೆ ಲಸಿಕೆ ತಪ್ಪಿ, ಕೋಳಿ ಉಳಿಸಿದ ಮರಿಯನ್ನು ರೋಗ ಒಯ್ಯುತ್ತದೆ.

ಸಂಜೆ ಸಂಘಕ್ಕೆ ಹಾಲು ಹಾಕಲು ಬಂದಾಗ ನಾಲ್ವರು ಕೂಡಿ ಈ ಲೆಕ್ಕ ಹಾಕಿ. ಫೋನ್ ಆಮೇಲೆ ಮಾಡಿದರಾಯಿತು.

– ಪಶುವೈದ್ಯಾಧಿಕಾರಿ