ಹುತ್ತದ ಅಣಬೆಯೂ ಚೀಲದ ಪೊಟೊರೂವೂ

ಮುಂಗಾರಿನ ಮೊದಲ ಮಳೆ ನಾಲ್ಕು ದಿನ ಸುರಿಯಿತೆಂದರೆ ಕರಿಕೆಯ ಕಾಡಂಚಿನಲ್ಲಿ ನಮ್ಮೆಲ್ಲರ ಕಣ್ಣು ನೆಲದ ಮೇಲೆ. ಗುಡುಗಿದ ಮರುದಿನ ಹುತ್ತದ ಬಳಿ ಅಣಬೆ ಏಳುತ್ತದೆಂಬುದು ಹಿರಿಯರ ಲೆಕ್ಕ. ಕೊಡವರು ಇದಕ್ಕೆ ಕುಮ್ಮು ಎನ್ನುತ್ತಾರೆ. ಎದ್ದ ಜಾಗವನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಂಟರಿಗೆ ಸಾರು ಬಡಿಸಿಯಾರು, ವಿಳಾಸ ಕೊಡರು!

ಈ ಅಣಬೆಯನ್ನು ಬೆಳೆಸುವುದು ಗೆದ್ದಲು. ಒಣಎಲೆ, ಕಡ್ಡಿಗಳನ್ನು ಅಗಿದು ತಂದು, ನೆಲದಡಿಯ ಕೋಣೆಯಲ್ಲಿ ಜೇನುತಟ್ಟಿಯಂಥ ತಟ್ಟಿ ಕಟ್ಟಿ, ಅದರ ಮೇಲೆ ಶಿಲೀಂಧ್ರದ ಬೇಸಾಯ ಮಾಡುತ್ತದೆ. ಗಡಸು ನಾರನ್ನು ಶಿಲೀಂಧ್ರ ಮೆತ್ತಗೆ ಮಾಡಿಕೊಡುತ್ತದೆ, ಗೆದ್ದಲು ಉಣ್ಣುತ್ತದೆ. ನಾವು ಕಿತ್ತು ತರುವ ಕೊಡೆ ಆ ಬೇಸಾಯದ ಹೂವಷ್ಟೇ. ಭತ್ತದ ಹುಲ್ಲಿನಲ್ಲಿ ಚಿಪ್ಪಣಬೆ ಬೆಳೆದಷ್ಟು ಸುಲಭವಾಗಿ ಇದನ್ನು ಮನೆಯಲ್ಲಿ ಬೆಳೆಯಲಾಗದು.

ಆಸ್ಟ್ರೇಲಿಯದ ಪೊಟೊರೂ ನೆನಪಾಗುವುದು ಇಲ್ಲೇ. ಮೊಲದಷ್ಟು ದೊಡ್ಡ, ಕಾಂಗರೂವಿನ ದಾಯಾದಿ. ಮರಿಯನ್ನು ಹೊಟ್ಟೆಯ ಚೀಲದಲ್ಲಿ ಸಾಕುತ್ತದೆ. ಇವುಗಳಲ್ಲಿ ಗಿಲ್ಬರ್ಟ್ ಪೊಟೊರೂ ಎಂಬುದರ ಊಟದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಅಣಬೆಯೇ. ಅದೂ ನೆಲದೊಳಗೇ ಹುಟ್ಟಿ ನೆಲದೊಳಗೇ ಮಾಗುವ ಅಣಬೆ. ಗಾಳಿ ಸೋಕದ ಅದರ ಬೀಜಕಣಗಳನ್ನು ಬಿತ್ತುವವರು ಯಾರು? ಪೊಟೊರೂ ವಾಸನೆ ಹಿಡಿದು ಬಗೆದು ತಿಂದು, ಬೇರೆಲ್ಲೋ ಹಿಕ್ಕೆ ಹಾಕುತ್ತದೆ. ಅಲ್ಲಿ ಮೊಳೆತ ಶಿಲೀಂಧ್ರ ಮರದ ಬೇರಿಗೆ ನೀರು, ಸತ್ವ ಒದಗಿಸುತ್ತದೆ. ನಮ್ಮಲ್ಲಿ ಗೆದ್ದಲು, ಅಲ್ಲಿ ಚೀಲದ ಪ್ರಾಣಿ. ಸಾಲದ ಲೆಕ್ಕ ಒಂದೇ.

ಈ ಪೊಟೊರೂ ನಿರ್ನಾಮವಾಯಿತೆಂದು ನೂರಕ್ಕೂ ಹೆಚ್ಚು ವರ್ಷ ನಂಬಿದ್ದರು. 1994ರಲ್ಲಿ ಆಲ್ಬನಿಯ ಹತ್ತಿರ ಮತ್ತೆ ಸಿಕ್ಕಿತು. 2015ರ ಕಾಡ್ಗಿಚ್ಚು ಅಲ್ಲಿನ ನೆಲೆಯ ಬಹುಪಾಲನ್ನು ಸುಟ್ಟಿತು. ಪುಣ್ಯಕ್ಕೆ ಕೆಲವನ್ನು ಮೊದಲೇ ಬಾಲ್ಡ್ ದ್ವೀಪಕ್ಕೆ ಸಾಗಿಸಿದ್ದರು. ಅದನ್ನು ಕಾಯಲು ವಿಜ್ಞಾನಿಗಳಿದ್ದಾರೆ, ಹೋದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಹುತ್ತ ಹೋದರೆ?

ನಮ್ಮ ಬಾಣೆಯ ಮೂಲೆಯ ಹುತ್ತವನ್ನು ಎರಡು ವರ್ಷದ ಹಿಂದೆ ಯಾರೋ ಗುದ್ದಲಿಯಿಂದ ಬುಡದವರೆಗೆ ಅಗೆದಿದ್ದರು. ಒಳಗೆ ಇನ್ನೂ ಅಣಬೆ ಇದ್ದೀತೆಂಬ ಆಸೆ. ತಟ್ಟಿಗಳೆಲ್ಲ ಹೊರಗೆ ಬಿದ್ದು ಮಳೆಗೆ ಕರಗಿದ್ದವು. ನಾಗರ ಹುತ್ತವೆಂದಿದ್ದರೆ ಮುಟ್ಟುತ್ತಿರಲಿಲ್ಲ. ಬರೀ ಗೆದ್ದಲಿಗೆ ಆ ಮರ್ಯಾದೆ ಇಲ್ಲ.

ಅಮ್ಮ ಈ ಸಲವೂ ಬುಟ್ಟಿ ಹಿಡಿದು ಆ ಮೂಲೆಗೆ ಹೋಗಿ ಬಂದರು. ಬುಟ್ಟಿಯಲ್ಲಿ ಕೆಸುವಿನ ಎಲೆ ಇತ್ತು.