ಸಕ್ಯುಲೆಂಟ್ ಅನ್ನೋದು ಗಿಡದ ಹೆಸರಲ್ಲ

ಸಿಂಗಪುರದ ಪುಂಗೋಲ್‌ನಿಂದ ಕೇಳುಗರೊಬ್ಬರು ಫೋಟೋ ಕಳಿಸಿದ್ದಾರೆ. ಎಚ್‌ಡಿಬಿ ಫ್ಲ್ಯಾಟ್, ಬಾಲ್ಕನಿ ಬಾಗಿಲಲ್ಲಿ ಪುಟ್ಟ ಕುಂಡ, ಅದಕ್ಕೆ ಮೂಗು ತಾಗಿಸಿ ನಿಂತ ನಾಯಿಮರಿ. ಜೊತೆಗೆ ಒಂದೇ ಸಾಲಿನ ಪ್ರಶ್ನೆ: "ಈ ಸಕ್ಯುಲೆಂಟನ್ನ ನಾಯಿ ತಿಂದ್ರೆ ಏನೂ ಆಗಲ್ಲ ತಾನೆ?"

ಕುಂಡದಲ್ಲಿ ಇದ್ದದ್ದು ಹಾವರ್ಥಿಯಾ. ಕಡುಹಸಿರು ಎಲೆ, ಮೇಲೆ ಬಿಳಿ ಪಟ್ಟೆ. ನಾಯಿಗೆ ವಿಷವಲ್ಲ, ಎಚೆವೇರಿಯಾ ಕೂಡ ಅಲ್ಲ. ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಮಗೆ ತಕರಾರು ಇರೋದು ಪ್ರಶ್ನೆಯಲ್ಲಿರೋ 'ಸಕ್ಯುಲೆಂಟ್' ಅನ್ನೋ ಪದದ ಬಗ್ಗೆ. ಎಲೆಯಲ್ಲೋ ಕಾಂಡದಲ್ಲೋ ನೀರು ಕೂಡಿಟ್ಟುಕೊಳ್ಳುವ ಗಿಡಗಳಿಗೆಲ್ಲ ಹಾಗಂತಾರೆ. ಅದು ಬದುಕುವ ರೀತಿ, ಕುಲದ ಹೆಸರಲ್ಲ. ನಾವು ಇಲ್ಲಿ ಹೋದ ನರ್ಸರಿಯೊಂದರಲ್ಲಿ ಹತ್ತಾರು ಕುಂಡಗಳಿಗೂ ಅದೊಂದೇ ಚೀಟಿ, ಕೆಳಗೆ ಬೆಲೆ.

ಹಾವರ್ಥಿಯಾ ಪಕ್ಕದಲ್ಲಿ ಎಳೆಯ ಲೋಳೆಸರ ಇಟ್ಟರೆ ಎಷ್ಟೋ ಜನರಿಗೆ ವ್ಯತ್ಯಾಸ ಗೊತ್ತಾಗಲ್ಲ. ಲೋಳೆಸರದ ಸಿಪ್ಪೆಯ ಅಡಿಯಲ್ಲಿ ಹಳದಿ ರಸ ಇರುತ್ತೆ. ಒಣಗಿಸಿದರೆ ಅದೇ ನಮ್ಮ ಕರಿಬೋಳ. ಅದರಲ್ಲಿರುವ ಅಲೋಯಿನ್ ಕರುಳಿನಲ್ಲಿ ಒಡೆದು ಭೇದಿ ಮಾಡಿಸುತ್ತೆ. ನಾಯಿಗೆ ವಾಂತಿ, ಸುಸ್ತು. ಚೀನೀ ಅಂಗಡಿಗಳ ಬಾಗಿಲಲ್ಲಿ ಸಂಪತ್ತು ತರಲಿ ಅಂತ ಇಡುವ ಜೇಡ್ ಗಿಡವೂ ನಾಯಿಗೆ ಆಗದು.

ಇನ್ನು ನಮ್ಮವರ ಪ್ರೀತಿಯ ಕಾಡುಬಸಳೆ. ಕಿಡ್ನಿ ಕಲ್ಲಿಗೆ ಅಂತ ಊರಿಂದ ಒಂದು ಎಲೆ ತಂದು ನೆಟ್ಟವರು ಎಷ್ಟು ಜನ! ಅದು ಕಲಂಚೋ ಕುಲದ್ದು. ಚೀನೀ ಹೊಸವರ್ಷಕ್ಕೆ ಕೊಳ್ಳುವ ಬಣ್ಣದ ಹೂಕುಂಡದ ನೆಂಟ. ಈ ಕುಲದ ಗಿಡಗಳಲ್ಲಿ ಬುಫಾಡೈಎನೊಲೈಡ್ ಎಂಬ ವಿಷವಿದೆ, ಹೂವಿನಲ್ಲಿ ಹೆಚ್ಚು. ಕೆಲವು ನೆಲಗಪ್ಪೆಗಳ ಚರ್ಮದಲ್ಲಿರುವುದೂ ಇದೇ ಜಾತಿಯ ವಿಷ. ಹೃದಯದ ಕೋಶಗಳಲ್ಲಿ ಸೋಡಿಯಂ ಹೊರದೂಡುವ ಪಂಪನ್ನೇ ಅದು ತಡೆಯುತ್ತೆ. ಆಸ್ಟ್ರೇಲಿಯಾದಲ್ಲಿ ಇದರ ದಾಯಾದಿ ಗಿಡ ಮೇಯ್ದು ದನಗಳು ಸತ್ತಿವೆ. ನಾಯಿಗಳಲ್ಲಿ ಬಹುಪಾಲು ವಾಂತಿ ಭೇದಿಗೇ ನಿಲ್ಲುತ್ತೆ. ಹೃದಯದ ಬಡಿತ ತಪ್ಪುವುದು ಅಪರೂಪ. ಆದರೆ ಎಚ್‌ಡಿಬಿಯಲ್ಲಿ ಸಾಕಲು ಬಿಡುವುದೇ ಒಂದು ನಾಯಿ, ಅದೂ ಹೆಚ್ಚಾಗಿ ಸಣ್ಣ ತಳಿ. ದನಕ್ಕೆ ಒಂದು ತುತ್ತಾದದ್ದು ಅದಕ್ಕೆ ಹೊಟ್ಟೆತುಂಬ. 'ಔಷಧಿ ಗಿಡ, ಏನಾಗುತ್ತೆ' ಅನ್ನೋ ನಂಬಿಕೆಯನ್ನ ನಾವೂ ಬಹಳ ದಿನ ಇಟ್ಟುಕೊಂಡಿದ್ದೆವು. ಮದ್ದು ಅಂದ್ರೇನೇ ಮೈಯೊಳಗೆ ಏನೋ ಮಾಡುವ ವಸ್ತು ಅಲ್ವೇ?

ಹಾಗಾಗಿ ನಮ್ಮ ಒತ್ತಾಯ ಇಷ್ಟೇ. ಚೀಟಿಯಲ್ಲಿ ಬೆಲೆಯ ಜೊತೆ ಸಸ್ಯಶಾಸ್ತ್ರೀಯ ಹೆಸರೂ ಇರಬೇಕು. ಅಂಗಡಿಯವರಿಗೆ ಒಂದು ಸಾಲು ಮುದ್ರಣದ ಖರ್ಚು. ಅಲ್ಲೀತನಕ ಕೊಳ್ಳುವಾಗ ನಾವೇ ಕೇಳೋಣ. ನಾಯಿ ಏನಾದ್ರೂ ಅಗಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದೇ ಅಪಾಯ. ಗಿಡದ ಒಂದು ತುಂಡು ಹಿಡಿದು ವೆಟ್ ಹತ್ತಿರ ಓಡಿ.

ಅಂದಹಾಗೆ, ಪುಂಗೋಲ್‌ನವರೇ, ಹಾವರ್ಥಿಯಾ ಇದ್ದಲ್ಲೇ ಇರಲಿ. ಫೋಟೋದ ಮೂಲೆಯಲ್ಲಿ, ನೆಲದ ಮೇಲೆ, ಲೋಳೆಸರದ ಕುಂಡ ಕಾಣ್ತಿದೆ ನೋಡಿ. ಅದನ್ನ ಮೊದಲು ಮೇಲೆತ್ತಿ ಇಡಿ.