ಹೆಸರಿಗೆ ಬಲಿಯಾಗುತ್ತಿರುವ ಪದವಿ

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಮಾನಸಿಕ ಆಸ್ಪತ್ರೆಯ ಮುಂದೆ ಬೆಳಗಾಗುವಷ್ಟರಲ್ಲೇ ಜನ ಸೇರಿರುತ್ತಾರೆ. ರಾತ್ರಿ ಬಸ್ಸಿಗೆ ರಾಯಚೂರು, ಬಳ್ಳಾರಿ, ಚಾಮರಾಜನಗರದ ಕಡೆಯಿಂದ ಬಂದಿಳಿದವರು. ಕೈಯಲ್ಲಿ ಹಳೇ ಚೀಟಿಗಳ ಪ್ಲಾಸ್ಟಿಕ್ ಕವರು, ಬುತ್ತಿಗಂಟು. ರೋಗಿ ಒಬ್ಬ, ಜೊತೆಗೆ ಬಂದವರು ಮೂವರು. ಮಾತ್ರೆ ಬರೆದುಕೊಡಲು ಮನೋವೈದ್ಯರಿದ್ದಾರೆ. ಆದರೆ ಊರಿಗೆ ಹೋದ ಮೇಲೆ ಆ ಮಾತ್ರೆಯನ್ನು ನೆನಪಿಸಿ ನುಂಗಿಸುವವರು ಯಾರು? ತಿಂಗಳ ಔಷಧಿಗೆ ದುಡ್ಡೆಲ್ಲಿಂದ? ಹೆಂಡತಿ ತಾನಾಗಿ ತವರಿಗೆ ಹೋದಳೇ, ಕಳಿಸಿದರೇ? 'ಅವನಿಗೆ ಬುದ್ಧಿ ಸರಿಯಿಲ್ಲ' ಎನ್ನುತ್ತ ಹೊಲದ ಪಾಲಿಗೆ ಯಾರಾದರೂ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆಯೇ?

ಇವನ್ನು ಕುರ್ಚಿ ಎಳೆದುಕೊಂಡು ಕೂತು ಕೇಳುವವರನ್ನು ಜನ ಸುಮ್ಮನೆ 'ಸೋಶಿಯಲ್ ವರ್ಕರ್' ಎನ್ನುತ್ತಾರೆ. ಅಲ್ಲಿನ ಪೂರ್ತಿ ಹೆಸರು ಮನೋವೈದ್ಯಕೀಯ ಸಮಾಜಕಾರ್ಯಕರ್ತರು. ಎಂಎಸ್‌ಡಬ್ಲ್ಯು ಎಂಬ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮುಗಿಸಿ, ಅದರ ಮೇಲೆ ಎರಡು ವರ್ಷ ಆಸ್ಪತ್ರೆಯಲ್ಲೇ ಪೂರ್ಣಾವಧಿ ತರಬೇತಿ ಪಡೆದವರು. ಆ ಎರಡು ವರ್ಷದ ಕೋರ್ಸಿಗೆ ಎಂ.ಫಿಲ್ ಎಂದು ಹೆಸರು. ಈಗ ಆ ಕೋರ್ಸಿನ ಕುತ್ತಿಗೆಗೆ ಬಂದಿರುವುದು ಅದೇ ಹೆಸರು.

ರಾಷ್ಟ್ರೀಯ ಶಿಕ್ಷಣ ನೀತಿ 2020 ಒಂದೇ ವಾಕ್ಯದಲ್ಲಿ ಎಂ.ಫಿಲ್ ಪದವಿಯನ್ನು ಕೈಬಿಟ್ಟಿತು. 2022ರ ನವೆಂಬರ್‌ನಲ್ಲಿ ಬಂದ ಪಿಎಚ್‌.ಡಿ ನಿಯಮಾವಳಿಯ 14ನೇ ನಿಯಮದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಯಾವ ಉನ್ನತ ಶಿಕ್ಷಣ ಸಂಸ್ಥೆಯೂ ಇನ್ನು ಎಂ.ಫಿಲ್ ನಡೆಸಕೂಡದು ಎಂದಿತು. 2023ರ ಡಿಸೆಂಬರ್ ಕೊನೆಯಲ್ಲಿ ಇನ್ನೊಂದು ಪ್ರಕಟಣೆ ಹೊರಡಿಸಿ, ಪ್ರವೇಶ ನಿಲ್ಲಿಸಿ ಎಂದು ವಿಶ್ವವಿದ್ಯಾಲಯಗಳನ್ನು ಎಚ್ಚರಿಸಿತು. ಇತಿಹಾಸ, ಸಾಹಿತ್ಯ, ಅರ್ಥಶಾಸ್ತ್ರದ ಎಂ.ಫಿಲ್ ಮಟ್ಟಿಗೆ ಇದನ್ನು ಒಪ್ಪಬಹುದು. ಅಲ್ಲಿ ಅದು ಪಿಎಚ್‌.ಡಿಗೆ ಹತ್ತುವ ಮೆಟ್ಟಿಲಾಗಿತ್ತು, ಮೆಟ್ಟಿಲು ಕಿತ್ತರೆ ನೇರ ಹತ್ತುವವರು ಹತ್ತುತ್ತಾರೆ. ಆದರೆ ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್ ಯಾವ ಮಹಡಿಯ ಮೆಟ್ಟಿಲೂ ಅಲ್ಲ. ಅದು ವಾರ್ಡಿನಲ್ಲಿ, ಹಿರಿಯರ ಕಣ್ಣೆದುರಿಗೆ ಕಲಿಯುವ ಕಸುಬು.

ಈ ತರಬೇತಿ 1960ರ ದಶಕದ ಕೊನೆಯಲ್ಲಿ ಶುರುವಾದಾಗ ನಿಮ್ಹಾನ್ಸ್ ಎಂಬ ಹೆಸರೇ ಇರಲಿಲ್ಲ. 1954ರಲ್ಲಿ ಅದೇ ಆವರಣದಲ್ಲಿ ಹುಟ್ಟಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅದನ್ನು ಡಿಪ್ಲೊಮಾ ಎಂದು ಕರೆಯಿತು. ಆ ಸಂಸ್ಥೆಯೂ ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆದದ್ದು 1974ರಲ್ಲಿ. ಎಂ.ಫಿಲ್ ಎಂಬ ಪಟ್ಟ ಡಿಪ್ಲೊಮಾಕ್ಕೆ ಬಂದದ್ದು ಆಮೇಲೆ. ಡಿಪ್ಲೊಮಾ ಎಂದೇ ಉಳಿದಿದ್ದರೆ ಇವತ್ತು ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ!

ಇನ್ನೊಂದು ಕಡೆ ಕಾನೂನು ಏನು ಹೇಳುತ್ತದೆ ನೋಡಿ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಎಂದರೆ ಯಾರು ಎಂಬುದನ್ನು ಅದು 2ನೇ ಕಲಮಿನಲ್ಲೇ ಬಿಡಿಸಿ ಹೇಳಿದೆ: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಇರಬೇಕು, ಅದರ ಮೇಲೆ ಹಿರಿಯರ ಮೇಲ್ವಿಚಾರಣೆಯ ಚಿಕಿತ್ಸಾಲಯ ತರಬೇತಿಯುಳ್ಳ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್ ಇರಬೇಕು, ಇಲ್ಲವೇ ನಿಯಮಗಳಲ್ಲಿ ಗೊತ್ತುಪಡಿಸಿದ ಬೇರೆ ಮಾನ್ಯ ಅರ್ಹತೆ ಇರಬೇಕು. ಪ್ರತಿ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರ ಇಂಥವರ ನೋಂದಣಿ ಪುಸ್ತಕ ಇಡಬೇಕು. ತೀವ್ರ ಕಾಯಿಲೆಯಿಂದ ಸ್ವತಃ ನಿರ್ಧರಿಸಲಾಗದ ವ್ಯಕ್ತಿಯನ್ನು 89ನೇ ಕಲಮಿನ ಪ್ರಕಾರ ಆಸ್ಪತ್ರೆಗೆ ಸೇರಿಸುವಾಗ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಒಬ್ಬರು ಮನೋವೈದ್ಯರೇ ಆಗಿರಬೇಕು. ಇನ್ನೊಬ್ಬರ ಜಾಗದಲ್ಲಿ ನೋಂದಾಯಿತ ಸಮಾಜಕಾರ್ಯಕರ್ತರು ನಿಲ್ಲಬಹುದು. ಒಬ್ಬ ಮನುಷ್ಯನ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಸಹಿ ಅದು.

ಹೀಗೆ ಆರೋಗ್ಯ ಸಚಿವಾಲಯದ ಕಾಯ್ದೆ ಎಂ.ಫಿಲ್ ಬೇಕು ಎನ್ನುತ್ತದೆ, ಶಿಕ್ಷಣ ಸಚಿವಾಲಯದ ಕೆಳಗಿನ ಆಯೋಗ ಎಂ.ಫಿಲ್ ಇರಕೂಡದು ಎನ್ನುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ.

ತಪ್ಪಿನ ಅರಿವು ಯುಜಿಸಿಗೆ ಆಗಲಿಲ್ಲ ಎನ್ನುವಂತಿಲ್ಲ. 2024ರ ಜನವರಿಯಲ್ಲಿ ಅದು ಹೊಸ ಪ್ರಕಟಣೆ ಹೊರಡಿಸಿತು. ಮಾನಸಿಕ ಆರೋಗ್ಯ ಸೇವೆಯಲ್ಲಿ ಇವರ ಪಾತ್ರ ಮುಖ್ಯವಾದ್ದರಿಂದ ಚಿಕಿತ್ಸಾ ಮನೋವಿಜ್ಞಾನ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್‌ಗೆ 2025-26ನೇ ಸಾಲಿನವರೆಗೆ ಮಾತ್ರ ಪ್ರವೇಶ ಕೊಡಬಹುದು ಎಂದಿತು. ಪಾತ್ರ ಮುಖ್ಯ ಎಂದು ಒಪ್ಪಿಕೊಂಡ ಮೇಲೆ 'ಅಲ್ಲಿಯವರೆಗೆ ಮಾತ್ರ' ಯಾಕೆ? 2026ರ ನಂತರ ಜನರಿಗೆ ಮಾನಸಿಕ ಕಾಯಿಲೆ ಬರುವುದಿಲ್ಲವೇ? ಇದು ಪದವಿಯನ್ನು ಉಳಿಸಿದ ಆದೇಶವಲ್ಲ, ವಾಯಿದೆ ಹಾಕಿದ ಆದೇಶ.

ವಾಯಿದೆಯ ಮೇಲೆ ವಾಯಿದೆ ಹಾಕಿ ಒಂದು ವೃತ್ತಿಯನ್ನು ನಡೆಸಲಾಗದು. ಎಂಎಸ್‌ಡಬ್ಲ್ಯು ಕೊನೆಯ ವರ್ಷದಲ್ಲಿರುವ ಹುಡುಗಿಗೆ ಮುಂದೇನು ಓದಬೇಕೆಂದು ಹೇಳುವವರಿಲ್ಲ. ಕೋರ್ಸೇ ಇರುತ್ತದೋ ಇಲ್ಲವೋ ಎಂಬ ವಿಭಾಗಕ್ಕೆ ಹೊಸ ಹುದ್ದೆ ಕೇಳಿದರೆ ಹಣಕಾಸು ಇಲಾಖೆ ನಗುತ್ತದೆ. ಸ್ವಂತ ಕಾಯ್ದೆಯ ಬಲದ ಮೇಲೆ 2012ರಿಂದ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯಾಗಿರುವ ನಿಮ್ಹಾನ್ಸ್ ಹೇಗೋ ದಾರಿ ಹುಡುಕಿಕೊಂಡೀತು. ರಾಂಚಿ, ತೇಜಪುರದಂಥ ಕಡೆ ವಿಶ್ವವಿದ್ಯಾಲಯಗಳ ಸಂಯೋಜನೆಯಲ್ಲಿ ಪಾಠ ಮಾಡುವ ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಆ ಅನುಕೂಲವಿಲ್ಲ.

ಇರುವವರಾದರೂ ಎಷ್ಟು ಜನ? ವಿಶ್ವ ಆರೋಗ್ಯ ಸಂಸ್ಥೆಯ 2017ರ ಮಾನಸಿಕ ಆರೋಗ್ಯ ಅಟ್ಲಾಸ್ ಪ್ರಕಾರ ಭಾರತದ ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಲಕ್ಷ ಜನರಿಗೆ 0.06 ಸಮಾಜಕಾರ್ಯಕರ್ತರು. ಅಂದರೆ ಹತ್ತು ಲಕ್ಷಕ್ಕೆ ಒಬ್ಬರೂ ಇಲ್ಲ. ನಿಮ್ಹಾನ್ಸ್ ಮುಂದೆ ನಿಂತು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ, ವಯಸ್ಕರಲ್ಲಿ ಹತ್ತರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ ಎಂದಿತ್ತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹತ್ತಿರವೂ ಸುಳಿದಿಲ್ಲ ಎಂಬುದು ಅದರ ಇನ್ನೊಂದು ಮಾತು.

ಕರ್ನಾಟಕಕ್ಕೆ ಈ ಲೆಕ್ಕ ಹೊಸದಲ್ಲ. ಆಸ್ಪತ್ರೆಯ ಗೋಡೆ ದಾಟಿ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಬಹುದೇ ಎಂಬ ಪ್ರಯೋಗ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ನಡೆದು, 1985ರಿಂದ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿತು. ಅದೇ 'ಬಳ್ಳಾರಿ ಮಾದರಿ'ಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಈಗ ಜಿಲ್ಲಾ ತಂಡದಲ್ಲಿ ಮನೋವೈದ್ಯರ ಜೊತೆ ಸಮಾಜಕಾರ್ಯಕರ್ತರ ಹುದ್ದೆಯೂ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ 'ಮನೋಚೈತನ್ಯ' ಕ್ಲಿನಿಕ್ ಮುಗಿದ ಮೇಲೆ ಬುಧವಾರದಿಂದ ಶನಿವಾರದವರೆಗಿನ ಬದುಕು ಇರುತ್ತದಲ್ಲ, ಅದನ್ನು ನೋಡುವವರು ಬೇಕು. ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಕಾಗದ ಹೊಂದಿಸುವುದು, ಪಿಂಚಣಿ ಅರ್ಜಿ, ಬೀದಿಯಲ್ಲಿ ಸಿಕ್ಕವನ ಊರು ಪತ್ತೆ ಮಾಡಿ ಮನೆಯವರನ್ನು ಒಪ್ಪಿಸುವುದು. ಕೊನೆಯದು ಎಲ್ಲಕ್ಕಿಂತ ಕಷ್ಟ. ಗುಣವಾದವನನ್ನು ಬಾಗಿಲು ತೆರೆದು ಒಳಗೆ ಕರೆದುಕೊಳ್ಳಿ ಎಂದು ಯಾವ ಮಾತ್ರೆಯೂ ಮನೆಯವರಿಗೆ ಹೇಳುವುದಿಲ್ಲ.

ಸಮಾಜಕಾರ್ಯದ ಮೇಲೆ ವಿಶ್ವವಿದ್ಯಾಲಯಗಳಿಗೆ ಸಸಾರ ಇರುವುದು ನಮ್ಮಲ್ಲಿ ಮಾತ್ರವಲ್ಲ. 1992ರಲ್ಲಿ ಲಾಸ್ ಏಂಜಲೀಸ್ ನಗರ ಜನಾಂಗೀಯ ದಂಗೆಯಲ್ಲಿ ಹೊತ್ತಿ ಉರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಅದೇ ನಗರದ ಸರ್ಕಾರಿ ವಿಶ್ವವಿದ್ಯಾಲಯ ಯುಸಿಎಲ್‌ಎ, ದುಡ್ಡಿಲ್ಲವೆಂದು ಮುಚ್ಚಲು ಹೊರಟ ನಾಲ್ಕು ಶಾಲೆಗಳಲ್ಲಿ ಸಮಾಜ ಕಲ್ಯಾಣ ಶಾಲೆಯೂ ಒಂದಾಗಿತ್ತು. ವಿರೋಧ ಎದ್ದಿತು. 1994ರಲ್ಲಿ ಅದು ಸ್ವತಂತ್ರ ಶಾಲೆಯ ಸ್ಥಾನ ಕಳೆದುಕೊಂಡು ಹೊಸ ಸಾರ್ವಜನಿಕ ನೀತಿ ಶಾಲೆಯೊಳಗಿನ ವಿಭಾಗವಾಯಿತು. ಆದರೆ ಎಂಎಸ್‌ಡಬ್ಲ್ಯು ಉಳಿಯಿತು. ಬೋರ್ಡು ಬದಲಾದರೂ ಪಾಠ ನಿಲ್ಲದಂತೆ ನೋಡಿಕೊಂಡರು. ಅಲ್ಲಿ ಕನಿಷ್ಠ ಮುಚ್ಚುತ್ತೇವೆ ಎಂದು ಮುಖಕ್ಕೆ ಹೇಳಿದವರಿದ್ದರು, ಜಗಳವಾಡಲು ಎದುರಾಳಿ ಇದ್ದ. ಇಲ್ಲಿ ಮುಚ್ಚಬೇಕೆಂದು ಯಾರೂ ಹೇಳಿಲ್ಲ, ಎಲ್ಲ ಎಂ.ಫಿಲ್‌ಗಳ ಜೊತೆ ಇದೂ ಗೋವಿಂದ.

ವಕೀಲರ ಪದವಿಗೆ ಹೀಗಾಗಿದ್ದರೆ ಬಾರ್ ಕೌನ್ಸಿಲ್ ಸುಮ್ಮನಿರುತ್ತಿತ್ತೇ? ಚಿಕಿತ್ಸಾ ಮನೋವಿಜ್ಞಾನಿಗಳಿಗೂ ಭಾರತೀಯ ಪುನರ್ವಸತಿ ಪರಿಷತ್ತು ಎಂಬ ಒಂದು ನೆರಳಿದೆ. ಸಮಾಜಕಾರ್ಯಕ್ಕೆ ತನ್ನದೇ ಆದ ರಾಷ್ಟ್ರೀಯ ಮಂಡಳಿ ಇಂದಿಗೂ ಇಲ್ಲ. 1936ರಲ್ಲಿ ಮುಂಬೈಯಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ತೆರೆದಾಗಿನಿಂದ ಎಣಿಸಿದರೆ ಇದು ಸಣ್ಣ ಅವಧಿಯ ಕಾಯುವಿಕೆಯಲ್ಲ.

ಎಂಎಸ್‌ಡಬ್ಲ್ಯು ಮೇಲೆ ಮತ್ತೆರಡು ವರ್ಷ ಹೆಚ್ಚಾಯಿತು, ಸೀಟು ಕಡಿಮೆ, ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಸಾಕು ಎನ್ನುವವರಿದ್ದಾರೆ. ಸೀಟು ಕಡಿಮೆ ಎಂಬುದು ನಿಜ, ಹೆಚ್ಚಿಸಲಿ. ಆದರೆ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರ ಎದುರು ಕೂತು ಮಾತು ಎಲ್ಲಿ ಶುರು ಮಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದು ಆನ್‌ಲೈನ್ ತರಗತಿಯಲ್ಲಾಗಲಿ ಆರು ತಿಂಗಳಲ್ಲಾಗಲಿ ಬರುವ ವಿದ್ಯೆಯಲ್ಲ.

ಸರಿಪಡಿಸಲು ಹೊಸ ಕಟ್ಟಡ ಬೇಡ, ಅನುದಾನ ಬೇಡ. ಯುಜಿಸಿ 14ನೇ ನಿಯಮಕ್ಕೆ ಒಂದು ಸಾಲಿನ ಶಾಶ್ವತ ವಿನಾಯಿತಿ ಸೇರಿಸಬಹುದು. ಇಲ್ಲವೇ ಆರೋಗ್ಯ ಸಚಿವಾಲಯ ಕಾಯ್ದೆಯ ಕೆಳಗಿನ ನಿಯಮಗಳಲ್ಲಿ 'ಎಂ.ಫಿಲ್ ಅಥವಾ ತತ್ಸಮಾನವಾದ ಎರಡು ವರ್ಷದ ಚಿಕಿತ್ಸಾಲಯ ತರಬೇತಿ' ಎಂದು ಗೊತ್ತುಪಡಿಸಿ, ಕೋರ್ಸಿಗೆ ಬೇರೆ ಹೆಸರಿಡಬಹುದು. ಕರ್ನಾಟಕದಿಂದ ಲೋಕಸಭೆಗೆ ಹೋದ 28 ಮಂದಿಯಲ್ಲಿ ಒಬ್ಬರಾದರೂ ಪ್ರಶ್ನೋತ್ತರ ವೇಳೆಯಲ್ಲಿ ಎದ್ದು ನಿಂತು, ಈ ಎರಡರಲ್ಲಿ ಯಾವುದನ್ನು ಯಾವಾಗ ಮಾಡುತ್ತೀರಿ ಎಂದು ಇಬ್ಬರು ಸಚಿವರನ್ನೂ ಕೇಳಲಿ.